ಮುಟ್ಟದೆ ಸಾಕುವುದು

ಮನೆಗೆ ಬಂದ ಮೂರನೇ ವಾರ ನನ್ನ ಹಾವು ನುಂಗಿದ್ದ ಇಲಿಮರಿಯನ್ನು ಕಕ್ಕಿತು. ಅರ್ಧ ಕರಗಿ ಊದಿಕೊಂಡಿದ್ದ ಆ ಮುದ್ದೆಯ ವಾಸನೆಯನ್ನು ವರ್ಣಿಸಲು ಹೋಗುವುದಿಲ್ಲ. ಹಾವು ಮೂಲೆಯಲ್ಲಿ ಸುರುಳಿ ಸುತ್ತಿ ಮಲಗಿತ್ತು, ನಾನು ಪೆಟ್ಟಿಗೆಯ ಮುಂದೆ ಅಪರಾಧಿಯಂತೆ ನಿಂತಿದ್ದೆ. ಊಟವಾಗಿ ಒಂದು ದಿನವೂ ಕಳೆದಿರದ ಹಾವನ್ನು ಹಿಂದಿನ ಸಂಜೆ ಎತ್ತಿ ಗೆಳೆಯನ ಕೈಗಿಟ್ಟವನು ನಾನೇ.

ನನ್ನದು ಕಾರ್ನ್ ಸ್ನೇಕ್. ವಿಷವಿಲ್ಲದ, ಸಾಧು ಸ್ವಭಾವದ ಹಾವು. ಅದರ ತವರು ಅಮೆರಿಕದ ಆಗ್ನೇಯ ರಾಜ್ಯಗಳು. ಸಾಕಿದವರ ಬಳಿಯೇ ಮೊಟ್ಟೆಯೊಡೆದು ಹುಟ್ಟಿದ ಮರಿಯನ್ನು ತಂದಿದ್ದೆ. ಆಗ ಅದು ಪೆನ್ಸಿಲ್ ಗಾತ್ರ, ಅಡಿಯುದ್ದಕ್ಕಿಂತ ತುಸು ಕಡಿಮೆ. ಕಾಡಿನಿಂದ ಹಿಡಿದು ತಂದ ಹಾವು ಬೇಡವೆಂಬುದು ಮೊದಲೇ ಗೊತ್ತಿತ್ತು. ಅಂಥವು ಮೈಯೊಳಗೆ ಹುಳುಗಳನ್ನು ಹೊತ್ತು ಬರುತ್ತವೆ, ಪೆಟ್ಟಿಗೆಯಲ್ಲಿ ಊಟ ಬಿಡುತ್ತವೆ, ಎಷ್ಟೋ ಕಡೆ ಕಾನೂನೂ ಅದನ್ನು ಒಪ್ಪುವುದಿಲ್ಲ. ಯಾವ ಹಾವನ್ನು ಸಾಕಬಹುದು, ಪರವಾನಗಿ ಬೇಕೇ ಎಂಬುದನ್ನು ತರುವ ಮೊದಲೇ ವಿಚಾರಿಸಿಕೊಳ್ಳಬೇಕು. ಇಷ್ಟನ್ನು ಸರಿಯಾಗಿ ಮಾಡಿದ್ದೆ. ಎಡವಿದ್ದು ಆಮೇಲೆ.

ಕಕ್ಕಿದ್ದಕ್ಕೆ ಎತ್ತಿ ಆಡಿಸಿದ್ದು ಒಂದು ಕಾರಣ. ಇನ್ನೊಂದು ಕಾರಣ ಪೆಟ್ಟಿಗೆಯ ಅಡಿಯಲ್ಲೇ ಇತ್ತು. ಒಂದು ಬದಿಗೆ ಬಿಸಿ ಮಾಡುವ ಹೀಟಿಂಗ್ ಪ್ಯಾಡ್ ಹಾಕಿದ್ದೆ, ಅದನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಹಾಕಿರಲಿಲ್ಲ. ಗಾಜಿಗೆ ಅಂಟಿಸಿದ್ದ ಮುಳ್ಳಿನ ಉಷ್ಣಮಾಪಕ 27 ಡಿಗ್ರಿ ತೋರಿಸುತ್ತಿತ್ತು, ನಾನು ನೆಮ್ಮದಿಯಾಗಿದ್ದೆ. ಹಾವು ಯಾವಾಗಲೂ ತಂಪಿನ ಬದಿಯಲ್ಲೇ ಮಲಗುತ್ತಿದ್ದುದನ್ನು ಕಂಡು, ಅದಕ್ಕೆ ಆ ಮೂಲೆ ಇಷ್ಟವೆಂದು ಎಲ್ಲರಿಗೂ ಹೇಳುತ್ತಿದ್ದೆ. ಕಕ್ಕಿದ ಮರುದಿನ ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಮಾಪಕ ತಂದು ಪ್ಯಾಡಿನ ಮೇಲಿನ ನೆಲಕ್ಕೆ ತಾಗಿಸಿದೆ: 41 ಡಿಗ್ರಿ. ತಂಪಿನ ಬದಿಯಲ್ಲಿ 21.

ಹಾವಿಗೆ ತನ್ನದೇ ಮೈಬಿಸಿ ಇಲ್ಲ. ತಿಂದದ್ದನ್ನು ಅರಗಿಸಲು ಬೇಕಾದ ಶಾಖವನ್ನು ಅದು ಹೊರಗಿನಿಂದಲೇ ಪಡೆಯಬೇಕು. ಅದಕ್ಕಾಗಿಯೇ ಬಿಸಿಗೂ ತಂಪಿಗೂ ನಡುವೆ ಓಡಾಡುತ್ತದೆ. ನನ್ನ ಪೆಟ್ಟಿಗೆಯಲ್ಲಿ ಬಿಸಿಯ ಬದಿ ಮೈ ಸುಡುವಂತಿತ್ತು, ತಂಪಿನ ಬದಿಯಲ್ಲಿ ಹೊಟ್ಟೆಯ ಕೆಲಸ ನಡೆಯುವಂತಿರಲಿಲ್ಲ. ನಾನು ಇಷ್ಟವೆಂದುಕೊಂಡದ್ದು ಅದರ ಪಾಲಿಗೆ ಗತ್ಯಂತರವಿಲ್ಲದ ಜಾಗವಾಗಿತ್ತು. ಕಾದ ನೆಲದ ಮೇಲೆಯೇ ಮಲಗಿ ಹೊಟ್ಟೆಯಡಿಯ ಚರ್ಮ ಸುಟ್ಟುಕೊಳ್ಳುವ ಹಾವುಗಳೂ ಇವೆ, ನನ್ನದು ಆ ಮಟ್ಟಿಗೆ ಬುದ್ಧಿವಂತ. ಈಗ ಥರ್ಮೋಸ್ಟಾಟ್ ಇದೆ. ಬಿಸಿಯ ಕಡೆ ನೆಲದಲ್ಲಿ 29ರಿಂದ 30, ತಂಪಿನ ಕಡೆ 23ರಿಂದ 24. ಎರಡೂ ಬದಿಗೆ ಒಂದೊಂದು ಅಡಗುತಾಣ, ಎರಡೂ ಇಕ್ಕಟ್ಟಾದವು. ಒಂದೇ ಇದ್ದರೆ ಹಾವು ಅಡಗುವುದಕ್ಕೋ ಬೆಚ್ಚಗಿರುವುದಕ್ಕೋ ಎಂದು ಆರಿಸಬೇಕಾಗುತ್ತದೆ. ಬಹುಪಾಲು ಅಡಗುವುದನ್ನೇ ಆರಿಸುತ್ತದೆ. ಹೊಸದಾಗಿ ಸಾಕುವವರು ಪ್ಲಾಸ್ಟಿಕ್ ಬಳ್ಳಿ, ಬಣ್ಣದ ಕಲ್ಲುಗಳಿಗೆ ಖರ್ಚು ಮಾಡುವ ಮೊದಲು ಆ ಹಣವನ್ನು ಥರ್ಮೋಸ್ಟಾಟಿಗೆ ಹಾಕಲಿ ಎಂಬುದು ನನ್ನ ಹಟ. ಈ ಮಾತಿನಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ.

ಕಕ್ಕಿದ ಹಾವಿಗೆ ಹಸಿವಾಗಿರುತ್ತದೆಂದು ಮರುದಿನವೇ ತಿನ್ನಿಸಲು ಹೋಗಬಾರದು. ಹೊಟ್ಟೆಯ ಆಮ್ಲ ಗಂಟಲನ್ನು ಸುಟ್ಟಿರುತ್ತದೆ, ಮತ್ತೆ ಕಕ್ಕಿದರೆ ಮರಿ ಉಳಿಯುವುದೇ ಕಷ್ಟ. ಹನ್ನೆರಡು ದಿನ ನೀರು ಮಾತ್ರ ಇಟ್ಟು ಕಾದೆ. ಆ ಹನ್ನೆರಡು ದಿನ ಉಪವಾಸ ಅದರದು, ಸಂಕಟ ನನ್ನದು. ಆಮೇಲೆ ಎಂದಿನದಕ್ಕಿಂತ ಚಿಕ್ಕ ಇಲಿಮರಿಯನ್ನು ಕೊಟ್ಟೆ. ನುಂಗಿತು. ಎರಡು ದಿನ ಕೋಣೆಯ ಬಾಗಿಲನ್ನೂ ಮೆಲ್ಲಗೆ ಮುಚ್ಚುತ್ತಿದ್ದೆ.

ಊಟದ ವಿಷಯ ಕೇಳುವವರು ಮೊದಲು ಮುಖ ಕಿವುಚುತ್ತಾರೆ, ಆಮೇಲೆ ವಿವರ ಕೇಳುತ್ತಾರೆ. ಹಾವಿನ ಮೈಯ ಅತಿ ದಪ್ಪ ಭಾಗದಷ್ಟು ಅಥವಾ ಸ್ವಲ್ಪವೇ ಹೆಚ್ಚು ದಪ್ಪದ ಇಲಿ. ಮರಿಹಾವಿಗೆ ಐದರಿಂದ ಏಳು ದಿನಕ್ಕೊಮ್ಮೆ, ಬೆಳೆದದ್ದಕ್ಕೆ ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ. ಜೀವಂತ ಇಲಿಯನ್ನು ಬಿಡುವುದಿಲ್ಲ: ಮೂಲೆಗೆ ಸಿಕ್ಕಿದ ಇಲಿ ಹಾವನ್ನೇ ಕಚ್ಚಿ ಕಣ್ಣು ಕಳೆಯಬಲ್ಲದು. ಹೆಪ್ಪುಗಟ್ಟಿಸಿದ ಇಲಿಯನ್ನು ರಾತ್ರಿಯಿಡೀ ಫ್ರಿಜ್ಜಿನ ಕೆಳಭಾಗದಲ್ಲಿ ಕರಗಲು ಬಿಟ್ಟು, ಬೆಳಗ್ಗೆ ಚೀಲದಲ್ಲಿ ಬಿಗಿದು ಬಿಸಿನೀರಿನಲ್ಲಿ ಮುಳುಗಿಸಿ, ಮೈ ಬೆಚ್ಚಗಾದ ಮೇಲೆ ಉದ್ದನೆಯ ಚಿಮುಟದಲ್ಲಿ ಹಿಡಿದು ಕೊಡುತ್ತೇನೆ. ಒಳಗೆಲ್ಲೂ ತಣ್ಣಗೆ ಗಟ್ಟಿ ಉಳಿದಿರಬಾರದು. ಮೈಕ್ರೋವೇವ್ ಬಳಸಿದರೆ ಏನಾಗುತ್ತದೆ ಎಂದು ಪರೀಕ್ಷಿಸಿದ ಒಬ್ಬ ಪರಿಚಿತ ಆ ಒಲೆಯನ್ನೇ ಎಸೆಯಬೇಕಾಯಿತು.

ಚಿಮುಟವೇಕೆ ಉದ್ದವಿರಬೇಕು ಎಂಬುದು ಎರಡನೇ ತಿಂಗಳಲ್ಲಿ ತಿಳಿಯಿತು. ಇಲಿಯನ್ನು ಮುಟ್ಟಿದ್ದ ಕೈಯನ್ನು ತೊಳೆಯದೆ ನೀರಿನ ಬಟ್ಟಲು ತೆಗೆಯಲು ಒಳಗೆ ಹಾಕಿದ್ದೆ. ಹಾವು ವಾಸನೆಯನ್ನು ಹಿಡಿಯುವುದು ಮುಖ್ಯವಾಗಿ ನಾಲಗೆಯಿಂದ. ಗಾಳಿಯ ಕಣಗಳನ್ನು ಬಾಯಿಯ ಮೇಲ್ಭಾಗದ ಅಂಗಕ್ಕೆ ಅದು ತಲುಪಿಸುತ್ತದೆ. ಅದರ ಲೆಕ್ಕದಲ್ಲಿ ಒಳಗೆ ಬಂದದ್ದು ಇಲಿಯೇ, ತುಸು ದೊಡ್ಡದಷ್ಟೆ. ಹೆಬ್ಬೆರಳು ಹಿಡಿದು ಸುತ್ತಿಕೊಂಡಿತು. ನೋವು ಮುಳ್ಳಿನ ಗಿಡಕ್ಕೆ ಕೈ ತರಚಿದಷ್ಟು, ಗಾಬರಿ ಅದರ ಹತ್ತರಷ್ಟು. ಕಿತ್ತೆಳೆಯಬಾರದು ಎಂದು ಓದಿದ್ದು ಆ ಕ್ಷಣದಲ್ಲಿ ನೆನಪಾದದ್ದು ಪುಣ್ಯ. ಹಲ್ಲುಗಳು ಹಿಂದಕ್ಕೆ ಬಾಗಿರುತ್ತವೆ, ಎಳೆದರೆ ನಮ್ಮ ಚರ್ಮವೂ ಹರಿಯುತ್ತದೆ, ಅದರ ಹಲ್ಲೂ ಮುರಿಯುತ್ತದೆ. ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದಾಗ ಬಿಟ್ಟಿತು. ಸೋಪು ಹಾಕಿ ತೊಳೆದುಕೊಂಡೆ. ಹಾವು ಹಗೆ ಸಾಧಿಸುತ್ತದೆ ಎನ್ನುವವರು ಮರುವಾರ ಅದು ಅದೇ ಹೆಬ್ಬೆರಳಿನ ಮೇಲೆ ಗಲ್ಲವಿಟ್ಟು ಮಲಗಿದ್ದನ್ನು ನೋಡಬೇಕಿತ್ತು. ಪ್ರೀತಿ ಎಂದೂ ನಾನು ಹೇಳುವುದಿಲ್ಲ. ಬೆಚ್ಚಗಿತ್ತು, ಅಲುಗಾಡುತ್ತಿರಲಿಲ್ಲ, ಅಷ್ಟೇ. ಈಗ ಎತ್ತುವ ಮೊದಲು ಸುತ್ತಿದ ಕಾಗದದಿಂದ ಮೈಯನ್ನು ಮೆಲ್ಲಗೆ ತಟ್ಟುತ್ತೇನೆ. ಇದು ಊಟವಲ್ಲ ಎಂಬುದು ಅದಕ್ಕೆ ಬೇಗ ತಿಳಿಯುತ್ತದೆ. ಕೈ ತೊಳೆಯುವುದು ಮುಟ್ಟುವ ಮೊದಲೂ, ಮುಟ್ಟಿದ ಮೇಲೂ. ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೂ ಎಚ್ಚರ.

ಮೂರನೇ ತಿಂಗಳು ಕಣ್ಣುಗಳು ನೀಲಿ ಮಿಶ್ರಿತ ಬೂದು ಬಣ್ಣಕ್ಕೆ ತಿರುಗಿದವು. ಕುರುಡಾಯಿತೆಂದು ಪಶುವೈದ್ಯರ ಬಳಿಗೆ ಓಡಿದೆ. ಅವರು ನೋಡಿ, ಪೊರೆ ಬಿಡಲು ತಯಾರಾಗುತ್ತಿದೆ, ಮನೆಗೆ ಹೋಗಿ ಸುಮ್ಮನೆ ಕುಳಿತುಕೊಳ್ಳಿ ಎಂದರು. ನನಗೆ ಆ ವರ್ಷ ಸಿಕ್ಕ ಅತ್ಯುತ್ತಮ ಔಷಧ ಅದು. ಹಳೆಯ ಚರ್ಮಕ್ಕೂ ಹೊಸದಕ್ಕೂ ನಡುವೆ ದ್ರವ ತುಂಬುವುದರಿಂದ ಕಣ್ಣು ಮಂಜಾಗುತ್ತದೆ. ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ, ಅದಾದ ಮೂರು ನಾಲ್ಕು ದಿನಕ್ಕೆ ಪೊರೆ ಕಳಚುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಸಿಡುಕು ಹೆಚ್ಚು, ಊಟವನ್ನೂ ಬೇಡವೆನ್ನಬಹುದು. ಸುಮ್ಮನೆ ಕೂರುವುದು ನನಗೆಲ್ಲಿ ಬರುತ್ತಿತ್ತು? ದಿನಕ್ಕೆ ಮೂರು ಬಾರಿ ಅಡಗುತಾಣ ಎತ್ತಿ ನೋಡಿದೆ. ಹೀಗೆ ಮುಚ್ಚಳ ತೆರೆದು ತೆರೆದು ಒಳಗಿನ ತೇವವೂ ಆರಿತು, ಪೊರೆ ತುಂಡು ತುಂಡಾಗಿ ಬಂತು. ಬಾಲದ ತುದಿಯಲ್ಲಿ ಉಂಗುರದಂತೆ ಉಳಿದದ್ದನ್ನು ಹಾಗೇ ಬಿಟ್ಟರೆ ರಕ್ತಸಂಚಾರ ನಿಂತು ತುದಿ ಒಣಗಿಹೋಗುತ್ತದೆ. ಉಗುರುಬೆಚ್ಚನೆ ನೀರಿನಲ್ಲಿ ನೆನೆದ ಬಟ್ಟೆಯ ನಡುವೆ ಹಾವನ್ನು ತಾನಾಗಿ ತೆವಳಿಹೋಗಲು ಬಿಟ್ಟೆ, ಪೊರೆ ಬಟ್ಟೆಗೆ ಅಂಟಿಕೊಂಡು ಬಂತು. ಈಗ ಕಣ್ಣು ಮಂಜಾದ ದಿನವೇ ಒದ್ದೆ ಪಾಚಿ ತುಂಬಿದ ಡಬ್ಬಿಯೊಂದನ್ನು ಒಳಗಿಟ್ಟು ಮುಚ್ಚಳ ಮುಚ್ಚಿಬಿಡುತ್ತೇನೆ. ಪೊರೆ ಕಾಲುಚೀಲ ತಿರುವಿದಂತೆ ಒಂದೇ ತುಂಡಾಗಿ ಸಿಗುತ್ತದೆ. ತಲೆಯ ಭಾಗವನ್ನು ಬೆಳಕಿಗೆ ಹಿಡಿದು ಎರಡೂ ಕಣ್ಣಿನ ಗುಂಡನೆಯ ಪಾರದರ್ಶಕ ಬಿಲ್ಲೆಗಳು ಬಂದಿವೆಯೇ ಎಂದು ನೋಡುತ್ತೇನೆ. ಬರದಿದ್ದರೆ ಉಗುರಿನಿಂದ ಕೀಳಲು ಹೋಗದೆ ವೈದ್ಯರ ಬಳಿ ಹೋಗುವುದು ಕ್ಷೇಮ. ಅಂದಹಾಗೆ, ಸರೀಸೃಪಗಳನ್ನು ನೋಡಬಲ್ಲ ವೈದ್ಯರು ಎಲ್ಲ ಕಡೆ ಸಿಗುವುದಿಲ್ಲ. ಹಾವು ತರುವ ಮೊದಲೇ ಹುಡುಕಿಟ್ಟುಕೊಳ್ಳಬೇಕು.

ತಪ್ಪಿಸಿಕೊಂಡ ಕಥೆ ಹೇಳಲೇಬೇಕು, ಹಾವು ಸಾಕಿದವರೆಲ್ಲರ ಬಳಿಯೂ ಒಂದು ಇರುತ್ತದೆ. ಮುಚ್ಚಳದ ಮೇಲೆ ದಪ್ಪ ಪುಸ್ತಕವೊಂದನ್ನು ಇಟ್ಟಿದ್ದೆ, ಅದು ಸಾಕೆಂದುಕೊಂಡಿದ್ದೆ. ತಲೆ ತೂರುವಷ್ಟು ಸಂದು ಸಿಕ್ಕರೆ ಮೈಯೂ ಹೊರಟಿತು. ಬೆಳಗ್ಗೆ ಪೆಟ್ಟಿಗೆ ಖಾಲಿ. ಮೊದಲ ದಿನ ಮನೆಯನ್ನೆಲ್ಲ ಮಗುಚಿ ಹಾಕಿದೆ, ಸಿಗಲಿಲ್ಲ. ಎರಡನೇ ರಾತ್ರಿ ಬಾಗಿಲುಗಳ ಹೊಸ್ತಿಲಿಗೆ ಹಿಟ್ಟು ಉದುರಿಸಿ ದೀಪ ಆರಿಸಿದೆ. ಬೆಳಗ್ಗೆ ಅಡುಗೆಮನೆಯ ಹೊಸ್ತಿಲಿನಲ್ಲಿ ತೆಳುವಾದ ಅಂಕುಡೊಂಕು ಗೆರೆ. ನಾಲ್ಕನೇ ದಿನ ಫ್ರಿಜ್ಜಿನ ಹಿಂದೆ, ಕಂಪ್ರೆಸರ್ ಬೆಚ್ಚಗಿಟ್ಟಿದ್ದ ಮೂಲೆಯಲ್ಲಿ, ಧೂಳು ಮೆತ್ತಿಕೊಂಡು ಮಲಗಿತ್ತು. ತನ್ನ ಊಟವನ್ನು ಇಟ್ಟಿದ್ದ ಫ್ರಿಜ್ಜಿಗೇ ಬೆನ್ನು ಕೊಟ್ಟು. ಅಂದೇ ನಾಲ್ಕೂ ಬದಿಗೆ ಕ್ಲಿಪ್ ಹಾಕಿದೆ.

ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಊಟ ಮಾಡಿದ ದಿನ, ಪೊರೆ ಬಿಟ್ಟ ದಿನ, ತಿಂಗಳಿಗೊಮ್ಮೆ ಅಡುಗೆ ತಕ್ಕಡಿಯಲ್ಲಿ ತೂಕ. ಊಟ ಬೇಡವೆಂದಾಗ ಹಿಂದಿನ ಪುಟ ತಿರುವುತ್ತೇನೆ. ತೂಕ ಇಳಿಯದಿದ್ದರೆ ಕೈಹಾಕುವುದಿಲ್ಲ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ನೀರಿನ ಬಟ್ಟಲಿನಲ್ಲಿ ಕರಿಚುಕ್ಕೆಗಳಂತೆ ತೇಲುವ ನುಸಿ ಕಂಡರೆ ಮಾತ್ರ ಕಾಯದೆ ವೈದ್ಯರಿಗೆ ಹೇಳುತ್ತೇನೆ.

ಈಗ ಒಂದು ವರ್ಷ ನಾಲ್ಕು ತಿಂಗಳು. ಉದ್ದ ಎರಡೂವರೆ ಅಡಿ ದಾಟಿದೆ. ಚೆನ್ನಾಗಿ ನೋಡಿಕೊಂಡರೆ ಕಾರ್ನ್ ಸ್ನೇಕ್ 15ರಿಂದ 20 ವರ್ಷ ಬದುಕುತ್ತದೆ. ಆಗ ನನ್ನ ವಯಸ್ಸೆಷ್ಟಿರುತ್ತದೆ ಎಂದು ಲೆಕ್ಕ ಹಾಕಿ, ಹಾಕಿದ್ದೇ ತಪ್ಪೆನಿಸಿ ಬಿಟ್ಟಿದ್ದೇನೆ. ನಿನ್ನೆ ಊಟದ ಸರದಿ. ಇಲಿಯನ್ನು ಕರಗಲು ಇಡುವ ಮೊದಲು ಬಗ್ಗಿ ನೋಡಿದೆ, ಕಣ್ಣಲ್ಲಿ ಮಂಜು ಹತ್ತಿತ್ತು. ಪಾಚಿಯ ಡಬ್ಬಿ ಒಳಗಿಟ್ಟು, ನೀರು ಬದಲಿಸಿ, ನಾಲ್ಕೂ ಕ್ಲಿಪ್ ಹಾಕಿ ದೀಪ ಆರಿಸಿ ಬಂದೆ.