ಗೇಮಿಂಗ್ ವಿಡಿಯೋ ‘ಮಕ್ಕಳಿಗಾಗಿ’ಯೇ? ಉತ್ತರಿಸುವುದು ಹೀಗೆ

ಮೈನ್‌ಕ್ರಾಫ್ಟ್, ರೋಬ್ಲಾಕ್ಸ್ ಆಡಿ ಯೂಟ್ಯೂಬಿಗೆ ವಿಡಿಯೋ ಹಾಕುವವರು ಎಡವುವುದು ಒಂದೇ ಪ್ರಶ್ನೆಯಲ್ಲಿ: ಇದು ಮಕ್ಕಳಿಗಾಗಿ ಮಾಡಿದ್ದೇ? 13 ವರ್ಷದೊಳಗಿನವರ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಬಾರದು ಎನ್ನುವ ಅಮೆರಿಕದ ಕಾಪ್ಪಾ ಕಾಯ್ದೆಯಡಿ 2019ರಲ್ಲಿ ಗೂಗಲ್, ಯೂಟ್ಯೂಬ್ 17 ಕೋಟಿ ಡಾಲರ್ ಕಟ್ಟಲು ಒಪ್ಪಿದವು. 2020ರ ಜನವರಿಯಿಂದ ಈ ಪ್ರಶ್ನೆ ಅಪ್‌ಲೋಡ್ ಮಾಡುವವರ ಕೊರಳಿಗೆ ಬಿತ್ತು. ಹುಬ್ಬಳ್ಳಿಯಲ್ಲಿ ಕೂತವರಿಗೂ ವಿನಾಯಿತಿ ಇಲ್ಲ.

1. ಚಾನೆಲ್ ನಿರ್ವಹಿಸುವ ಯೂಟ್ಯೂಬ್ ಸ್ಟುಡಿಯೋದಲ್ಲಿ ಸೆಟ್ಟಿಂಗ್ಸ್, ಚಾನೆಲ್, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್. ಮೂರನೆಯ ಆಯ್ಕೆ, ಅಂದರೆ ಪ್ರತಿ ವಿಡಿಯೋಗೂ ಬೇರೆಯಾಗಿ ತೀರ್ಮಾನಿಸುವುದನ್ನೇ ಒತ್ತಿ. ಇಡೀ ಚಾನೆಲಿಗೆ ‘ಅಲ್ಲ’ ಎಂದು ಒತ್ತಿ ಮರೆಯುವುದು ಸೋಮಾರಿತನ. ಡಿಸ್ನಿ ಮೇಲಿದ್ದ ಆರೋಪವೂ ಅದೇ; 2025ರಲ್ಲಿ 1 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು.

2. ಈಗ ತೀರ್ಮಾನ. ಯಾವ ಗೇಮ್ ಎನ್ನುವುದಕ್ಕಿಂತ ಯಾರಿಗೆ ಹೇಳುತ್ತಿದ್ದೀರಿ ಎಂಬುದನ್ನು ನೋಡಿ. ಅದೇ ಮೈನ್‌ಕ್ರಾಫ್ಟ್‌ನಲ್ಲಿ ರೆಡ್‌ಸ್ಟೋನ್ ಸರ್ಕ್ಯೂಟ್ (ಗೇಮಿನೊಳಗಿನ ವಿದ್ಯುತ್ ಜೋಡಣೆ) ಬಿಡಿಸಿ ಹೇಳಿದರೆ ಅದು ಸಾಮಾನ್ಯ ವೀಕ್ಷಕರದು. ‘ಪುಟಾಣಿಗಳೇ’ ಎಂದು ಶುರುಮಾಡಿ, ಕಾರ್ಟೂನ್ ದನಿಯಲ್ಲಿ ಅಪ್ಪ-ಅಮ್ಮ-ಪಾಪು ಆಟ ಕಟ್ಟಿ, ಶಿಶುಗೀತೆಯ ಸಂಗೀತ ಹಾಕಿದರೆ ಮಕ್ಕಳದು. ವಿಷಯ, ಭಾಷೆ, ಸಂಗೀತ, ಪಾತ್ರಗಳು, ತೆರೆಯ ಮೇಲಿನವರ ವಯಸ್ಸು ಎಲ್ಲವನ್ನೂ ಒಟ್ಟಿಗೆ ತೂಗುತ್ತಾರೆ. ಬಣ್ಣ ಗಾಢವಾಗಿದೆ ಎಂಬ ಒಂದೇ ಕಾರಣಕ್ಕೆ ಮಕ್ಕಳ ವಿಡಿಯೋ ಆಗುವುದಿಲ್ಲ.

‘ನನ್ನ ಅನಲಿಟಿಕ್ಸ್‌ನಲ್ಲಿ ಮಕ್ಕಳೇ ಇಲ್ಲ’ ಎಂಬ ವಾದ ನಿಲ್ಲದು. ವೀಕ್ಷಕರ ಲೆಕ್ಕ ತೋರಿಸುವ ಆ ಪುಟದಲ್ಲಿ ವಯೋಮಾನ ಶುರುವಾಗುವುದೇ 13ರಿಂದ. ಅಮ್ಮನ ಫೋನ್ ಹಿಡಿದ ಆರು ವರ್ಷದವನು ಅಮ್ಮನ ಲೆಕ್ಕಕ್ಕೆ ಸೇರುತ್ತಾನೆ. ಗೇಮಿನ ರೇಟಿಂಗ್ ಕೂಡ ಗುರಾಣಿಯಲ್ಲ. ಹದಿಹರೆಯದವರಿಗೆಂದು ರೇಟಿಂಗ್ ಪಡೆದ ಫೋರ್ಟ್‌ನೈಟ್ ಮಕ್ಕಳನ್ನೂ ಗುರಿಯಾಗಿಸಿದೆ ಎಂಬ ಆರೋಪದಲ್ಲಿ 2022ರಲ್ಲಿ ಅದನ್ನು ತಯಾರಿಸಿದ ಎಪಿಕ್ ಗೇಮ್ಸ್ 27.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು.

ವಿವರಣೆಯಲ್ಲಿ ‘13 ವರ್ಷ ಮೇಲ್ಪಟ್ಟವರಿಗೆ ಮಾತ್ರ’ ಎಂದು ಅಂಟಿಸುವುದು ವ್ಯರ್ಥ. ಅಂಥ ರೆಡಿಮೇಡ್ ಸಾಲುಗಳನ್ನು ಮಾರುವವರಿಗೆ ದುಡ್ಡು ಕೊಡಬೇಡಿ. ಕೆಲವರು ತಪ್ಪಿಸಿಕೊಳ್ಳಲು 18+ ಒತ್ತುತ್ತಾರೆ. ಅದು ಬೇರೆಯೇ ಸೆಟ್ಟಿಂಗ್, ಒತ್ತಿದರೆ ಜಾಹೀರಾತೂ ಸೊರಗುತ್ತದೆ.

3. ‘ಹೌದು’ ಎಂದರೆ ವೈಯಕ್ತೀಕರಿಸಿದ ಜಾಹೀರಾತು, ಕಾಮೆಂಟ್, ಲೈವ್ ಚಾಟ್, ಕೊನೆಯಲ್ಲಿ ಬೇರೆ ವಿಡಿಯೋ ತೋರಿಸುವ ಎಂಡ್ ಸ್ಕ್ರೀನ್ ಎಲ್ಲ ಬಂದ್. ಆದಾಯ ಇಳಿಯುತ್ತದೆಂದು ಸುಳ್ಳು ಒತ್ತಬೇಡಿ, ಯೂಟ್ಯೂಬ್ ತಾನೇ ಬದಲಿಸಬಹುದು. ಬದಲಿಸಿದರೆ ನೀವು ತಿರುಗಿಸಲಾರಿರಿ. ಒಪ್ಪದಿದ್ದರೆ ಮೇಲ್ಮನವಿ ಒಂದೇ ದಾರಿ.

4. ಟೂರ್ನಮೆಂಟ್ ನಡೆಸುವವರು ಗೂಗಲ್ ಫಾರ್ಮ್‌ನಲ್ಲಿ ಹುಡುಗರ ಹೆಸರು, ನಂಬರ್ ಕೇಳುತ್ತಾರಲ್ಲ, ಅದು ಇನ್ನೊಂದು ತಲೆನೋವು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18ರೊಳಗಿನವರೆಲ್ಲ ಮಕ್ಕಳೇ, ಪರಿಶೀಲಿಸಬಹುದಾದ ಪೋಷಕರ ಒಪ್ಪಿಗೆ ಬೇಕು. 2025ರ ನವೆಂಬರಿನಲ್ಲಿ ಬಂದ ನಿಯಮಗಳು ಇದಕ್ಕೆ 18 ತಿಂಗಳ ಕಾಲಾವಕಾಶ ಕೊಟ್ಟಿವೆ. ಅಲ್ಲಿಯವರೆಗೆ ಕಾಯದೆ ಫೋನ್ ನಂಬರಿನ ಕಾಲಮ್ ತೆಗೆದುಹಾಕಿ, ಗೇಮ್ ಐಡಿ ಮಾತ್ರ ಕೇಳಿ.