ಸೂಜಿ ತಲುಪಿದ್ದು ನರದ ಪಕ್ಕಕ್ಕೋ, ರಕ್ತನಾಳಕ್ಕೋ?

"ಇಂಜೆಕ್ಷನ್ ಕೊಟ್ರೆ ಡಿಸ್ಕ್ ವಾಪಸ್ ಒಳಗೆ ಹೋಗುತ್ತಾ ಡಾಕ್ಟ್ರೇ?"

ಅಡಿಕೆ ಕೊನೆ ಕೊಯ್ಯುವ ಕೆಲಸದವರು ಅವರು. 8 ವಾರದಿಂದ ಎಡಗಾಲಿನ ಸೆಳೆತಕ್ಕೆ ನಿದ್ದೆಯಿಲ್ಲ. ಹೋಗುವುದಿಲ್ಲ ಎಂದೆ. ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ; ಅದು ಜಾರಿದರೆ ನರವನ್ನು ಒತ್ತುವುದಷ್ಟೇ ಅಲ್ಲ, ಸುತ್ತ ಊತವನ್ನೂ ಎಬ್ಬಿಸುತ್ತದೆ. ಇಂಜೆಕ್ಷನ್‌ನಲ್ಲಿರುವ ಸ್ಟೀರಾಯ್ಡ್ ಇಳಿಸುವುದು ಆ ಊತವನ್ನು. ಹೊರಬಂದ ತುಂಡು ಎಷ್ಟೋ ಜನರಲ್ಲಿ ತಿಂಗಳುಗಳಲ್ಲಿ ತಾನಾಗಿಯೇ ಕುಗ್ಗುತ್ತದೆ. ಅಲ್ಲಿಯವರೆಗೆ ನಡೆಯಲು, ಮಲಗಲು ಆಗಬೇಕಲ್ವಾ?

ಬರೀ ಎಂಆರ್‌ಐ ನೋಡಿ ನಾನು ಸೂಜಿ ಹಿಡಿಯುವುದಿಲ್ಲ. ನೋವೇ ಇಲ್ಲದವರಲ್ಲೂ ಡಿಸ್ಕ್ ಉಬ್ಬಿರುತ್ತದೆ. ಇವರಿಗೆ ಸೊಂಟದ 4 ಮತ್ತು 5ನೇ ಮೂಳೆಗಳ ನಡುವಿನ (ಎಲ್4-ಎಲ್5) ಡಿಸ್ಕ್ ಜಾರಿತ್ತು, ನೋವು ಪಾದದ ಮೇಲಿಂದ ಹೆಬ್ಬೆರಳಿಗೆ ಇಳಿಯುತ್ತಿತ್ತು. ಅಂದರೆ ಎಲ್5 ನರ. ಎಂಆರ್‌ಐ, ನೋವು ಎರಡೂ ತಾಳೆಯಾದವು. ಮೂತ್ರ ಕಟ್ಟಿದ್ದರೆ, ಕೂರುವ ಜಾಗ ಜೋಮು ಹಿಡಿದಿದ್ದರೆ ಅವತ್ತೇ ಸರ್ಜನ್ ಹತ್ತಿರ ಕಳಿಸುತ್ತಿದ್ದೆ.

ಬೋರಲು ಮಲಗಿಸಿ, ಹೊಟ್ಟೆಯಡಿ ದಿಂಬಿಟ್ಟೆವು. ಚರ್ಮ ಮರಗಟ್ಟಿಸಿ, ಸಿ-ಆರ್ಮ್ ಯಂತ್ರ ಪರದೆಯಲ್ಲಿ ತೋರಿಸುವ ಎಕ್ಸ್‌ರೇ ನೋಡುತ್ತಾ 22 ಗೇಜ್ ಸೂಜಿಯನ್ನು ನರ ಹೊರಬರುವ ಕಿಂಡಿಯತ್ತ ಇಳಿಸಿದೆ. "ಕಾಲಿಗೆ ಕರೆಂಟ್ ಹೊಡೆದ ಹಾಗಾದ್ರೆ ಕೂಡಲೇ ಹೇಳಿ" ಎಂದಿದ್ದೆ. ಸಿರಿಂಜ್ ಹಿಂದಕ್ಕೆಳೆದರೆ ರಕ್ತ ಬರಲಿಲ್ಲ. ಆದರೂ ಡೈ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಬಿಟ್ಟ ಕ್ಷಣದಲ್ಲೇ ಅದು ಪರದೆಯಿಂದ ಮಾಯ! ಸೂಜಿ ರಕ್ತನಾಳದೊಳಗಿತ್ತು.

ಡೈ ಹಾಕದೆ ಔಷಧಿ ತಳ್ಳಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಕಣಗಳಿರುವ ಸ್ಟೀರಾಯ್ಡ್ ಬೆನ್ನುಹುರಿಯ ರಕ್ತನಾಳಕ್ಕೆ ಸೇರಿದರೆ ಕಾಲುಗಳ ಸ್ವಾಧೀನವೇ ಹೋಗಬಹುದು. ಅದಕ್ಕೇ ಕಣಗಳಿಲ್ಲದ ಡೆಕ್ಸಾಮೆಥಸೋನ್ ಬಳಸುತ್ತೇನೆ. ಸೂಜಿಯನ್ನು ಸ್ವಲ್ಪ ಸರಿಸಿ ಮತ್ತೆ ಡೈ ಬಿಟ್ಟೆ. ಈ ಸಲ ಅದು ನರದ ಗುಂಟ ಮೆಲ್ಲಗೆ ಹರಿದು ನಿಂತಿತು. ಆಮೇಲೇ ಔಷಧಿ.

ಅವರಿಗೆ ಶುಗರ್ ಇತ್ತು. ಕೆಲವು ದಿನ ಏರಬಹುದು, ದಿನಾ ನೋಡಿಕೊಳ್ಳಿ ಎಂದೆ. 3ನೇ ದಿನ ಫೋನ್ ಬಂತು, ರಾತ್ರಿಯಿಡೀ ಮಲಗಿದ್ದರಂತೆ. ಎಲ್ಲರಿಗೂ ಹೀಗಾಗುವುದಿಲ್ಲ. ಅದೇ ತಿಂಗಳು ಇನ್ನೊಬ್ಬರಿಗೆ ಏನೂ ಪ್ರಯೋಜನವಾಗದೆ ಆಪರೇಷನ್ ಮಾಡಿಸಬೇಕಾಯಿತು.

6 ವಾರದ ನಂತರ ಬಂದವರು ಕೇಳಿದ್ದು ಒಂದೇ: "ಮರ ಹತ್ತಬಹುದಾ?" ಈ ಸಲದ ಕೊಯ್ಲನ್ನು ತಮ್ಮ ಮಾಡಲಿ ಎಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಸರಿ, ನಾನು ಕೆಳಗೆ ನಿಂತು ಅವನಿಗೆ ಹೇಳಿಕೊಡ್ತೀನಿ" ಎಂದರು.