ಮುಖ್ಯೋಪಾಧ್ಯಾಯರ ತರಬೇತಿ ತರಗತಿಯಲ್ಲೇ ನಡೆಯಲಿ

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳ ಮುಖ್ಯೋಪಾಧ್ಯಾಯರ ದಿನ ಯುಡೈಸ್ (ಶಾಲೆಗಳ ಸರಕಾರಿ ಅಂಕಿಅಂಶ ದಾಖಲೆ) ಮಾಹಿತಿ ತುಂಬುವುದರಲ್ಲಿ, ಬಿಸಿಯೂಟದ ಲೆಕ್ಕದಲ್ಲಿ, ಕಚೇರಿಯ ಪತ್ರಗಳಿಗೆ ಉತ್ತರ ಬರೆಯುವುದರಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಅವರನ್ನು ಬೋಧನೆಯ ಮಾರ್ಗದರ್ಶಕರನ್ನಾಗಿ ಸಿದ್ಧಗೊಳಿಸಬಯಸುವ ಆಡಳಿತ ಮಂಡಳಿಯು ಉಪನ್ಯಾಸ ಏರ್ಪಡಿಸುವುದಕ್ಕಿಂತ ಮೊದಲು, ದಿನಕ್ಕೊಂದು ಪೀರಿಯಡ್ ಅವರಿಗೆ ಬಿಡುವು ಮಾಡಿಕೊಟ್ಟು, ಆ ಹೊತ್ತಿನ ಕಚೇರಿ ಕೆಲಸವನ್ನು ಗುಮಾಸ್ತರಿಗೆ ವಹಿಸಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮುಖ್ಯೋಪಾಧ್ಯಾಯರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿ ತರಬೇತಿಯನ್ನು ನಿರೀಕ್ಷಿಸುತ್ತದೆ. ಅದರಲ್ಲಿ ಅರ್ಧದಷ್ಟಾದರೂ ಮಕ್ಕಳಿರುವ ತರಗತಿಯಲ್ಲಿ ನಡೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹತ್ತಿರದ ಮೂರು-ನಾಲ್ಕು ಶಾಲೆಗಳ ಮುಖ್ಯೋಪಾಧ್ಯಾಯರು ಒಟ್ಟಿಗೆ ಕುಳಿತು ಒಂದೇ ಪಾಠವನ್ನು ನೋಡಲಿ. ಶಿಕ್ಷಕರ ಒಪ್ಪಿಗೆಯನ್ನು ಮೊದಲೇ ಪಡೆದು, ಈ ಭೇಟಿಗೂ ಅವರ ಕೆಲಸದ ಮೌಲ್ಯಮಾಪನದ ಗೋಪ್ಯ ವರದಿಗೂ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸಬೇಕು. ಮುಖ್ಯೋಪಾಧ್ಯಾಯರು ಹಿಂದಿನ ದಿನವೇ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಪುಸ್ತಕ ತೆರೆದು ಆ ಪಾಠದ ಲೆಕ್ಕಗಳನ್ನು ತಾವೇ ಬಿಡಿಸಿಕೊಂಡು ಬರುವುದು ಅಗತ್ಯ.

ಮೂರನೆಯ ತರಗತಿಯಲ್ಲಿ 52ರಿಂದ 27 ಕಳೆಯುವ ಲೆಕ್ಕ ನಡೆದಿದೆ ಎನ್ನೋಣ. 'ಪಾಠ ಚೆನ್ನಾಗಿತ್ತು' ಎಂಬ ಟಿಪ್ಪಣಿಯಿಂದ ಯಾರಿಗೂ ಪ್ರಯೋಜನವಿಲ್ಲ. ಶಿಕ್ಷಕಿ ಕೇಳಿದ ಪ್ರಶ್ನೆ ಯಾವುದು, ಉತ್ತರಕ್ಕಾಗಿ ಎಷ್ಟು ಸೆಕೆಂಡು ಕಾದರು, ಯಾವ ಸಾಲಿನ ಮಕ್ಕಳು ಬಾಯಿ ತೆರೆಯಲೇ ಇಲ್ಲ ಎಂಬುದನ್ನು ಇದ್ದದ್ದು ಇದ್ದಂತೆ ಬರೆದುಕೊಳ್ಳಬೇಕು. ಬಳಿಕ ನೋಟ್‌ಬುಕ್‌ಗಳನ್ನು ನೋಡಬೇಕು. 35 ಎಂದು ಬರೆದ ಮಗು ಎರಡರಿಂದ ಏಳು ಹೋಗದೆಂದು ಏಳರಿಂದ ಎರಡನ್ನು ಕಳೆದಿದೆ. ಅದು ಅಜಾಗರೂಕತೆಯಲ್ಲ, ಸ್ಥಾನಬೆಲೆ ತಿಳಿಯದಿರುವುದರ ಗುರುತು. ಮನೆಯಲ್ಲಿ ತುಳು, ಹೊರಗೆ ಹಿಂದಿ ಆಡುವ ಮಗುವಿಗೆ 'ದಶಕ' (ಹತ್ತರ ಗುಂಪು) ಎಂಬ ಮಾತೇ ಅರ್ಥವಾಗದೆ ಉಳಿದಿರಲೂಬಹುದು. ಇಂಥದ್ದನ್ನು ಕಾಣುವ ಕಣ್ಣು ಬೆಳೆಯದಿದ್ದರೆ ಉಳಿದ ತರಬೇತಿಯೆಲ್ಲ ವ್ಯರ್ಥ.

ಅದೇ ದಿನ ಶಿಕ್ಷಕಿಯೊಡನೆ ಮಾತನಾಡಬೇಕು. 'ನೀವು ಹೀಗೆ ಮಾಡಬೇಕಿತ್ತು' ಎಂದು ಆರಂಭಿಸಿದರೆ ಅವರು ಅಲ್ಲಿಗೇ ಮುದುಡಿಕೊಳ್ಳುತ್ತಾರೆ; 'ಮೇಡಂ, ಈ ಐದು ಮಕ್ಕಳು 35 ಬರೆದಿದ್ದಾರೆ, ಯಾಕಿರಬಹುದು?' ಎಂದು ನೋಟ್‌ಬುಕ್ ಮುಂದಿಟ್ಟರೆ ಅವರೇ ಕಾರಣ ಹುಡುಕುತ್ತಾರೆ. ಈ ಸಂಭಾಷಣೆಯನ್ನು ಮುಖ್ಯೋಪಾಧ್ಯಾಯರು ಮೊದಲು ತಮ್ಮತಮ್ಮಲ್ಲೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಹತ್ತು ಕಡ್ಡಿಗಳ ಕಟ್ಟು ಬಿಚ್ಚಿ ತೋರಿಸುವಂಥ ಒಂದೇ ಒಂದು ಬದಲಾವಣೆಯನ್ನು ಇಬ್ಬರೂ ಒಪ್ಪಿಕೊಂಡು, ಮುಂದಿನ ವಾರ ಅದೇ ತರಗತಿಗೆ ಮರಳಿ ಹೋಗಿ, ಆ ಐದು ಮಕ್ಕಳ ನೋಟ್‌ಬುಕ್‌ಗಳನ್ನೇ ಮತ್ತೆ ನೋಡಬೇಕು.